ಮಾನಾ ಎಲ್ಲಿ ಸುರಿಯಬೇಕು: ಕ್ಲಾಸಿಕ್ ರೇಡ್‌ಗಳಿಗೆ ಹೊರಟ ಪ್ರೀಸ್ಟ್‌ಗೆ ಮಾರ್ಗದರ್ಶಿ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಆಟದಲ್ಲಿ ರೇಡ್ (ದೊಡ್ಡ ತಂಡ ಕೂಡಿ ಬಾಸ್ ಎಂಬ ಬಲಿಷ್ಠ ಶತ್ರುಗಳನ್ನು ಎದುರಿಸುವುದು) ಮುಗಿದ ಮೇಲೆ, ಯಾರು ಎಷ್ಟು ಜೀವ ತುಂಬಿದರೆಂದು ತೋರಿಸುವ ಹೀಲಿಂಗ್ ಮೀಟರ್‌ನ ತುದಿಯಲ್ಲಿ ಹೆಸರಿರುವ ಪ್ರೀಸ್ಟ್‌ನೇ ತಂಡದ ಒಳ್ಳೆಯ ಹೀಲರ್ ಆಗಿರಬೇಕೆಂದೇನೂ ಇಲ್ಲ. ಹೇಗೂ ಬದುಕುತ್ತಿದ್ದವರ ಮೇಲೆ ಹೀಲ್ ಸುರಿದು ಮೀಟರ್ ಏರುವುದು ಸುಲಭ. ಸಾಯಲಿದ್ದವನನ್ನು ಆ ಒಂದೂವರೆ ಸೆಕೆಂಡಿನಲ್ಲಿ ಹಿಡಿದು ನಿಲ್ಲಿಸಲು ಕೈಯಲ್ಲಿ ಮಾನಾ (ಮಂತ್ರ ಹಾಕಲು ಖರ್ಚಾಗುವ ಶಕ್ತಿ) ಇರಬೇಕು, ಬೆರಳ ತುದಿಯಲ್ಲಿ ಸರಿಯಾದ ಮಂತ್ರ ಇರಬೇಕು. ಈ ಲೇಖನ ಆ ಎರಡರ ಬಗ್ಗೆ.

ಮೂಲ ಆಟ 2004ರ ನವೆಂಬರ್‌ನಲ್ಲಿ ಬಂತು. ಅದರ ಹಳೆಯ ರೂಪವನ್ನೇ 2019ರ ಆಗಸ್ಟ್‌ನಲ್ಲಿ ಕ್ಲಾಸಿಕ್ ಎಂದು ಮತ್ತೆ ತೆರೆದರು. ಇಲ್ಲಿ ಹೇಳುವುದೆಲ್ಲ 60ನೇ ಲೆವೆಲ್‌ನ, 40 ಜನರ ರೇಡ್‌ಗಳಿಗೆ ಅನ್ವಯಿಸುತ್ತದೆ: ಮೋಲ್ಟನ್ ಕೋರ್, ಒನಿಕ್ಸಿಯಾ, ಬ್ಲ್ಯಾಕ್‌ವಿಂಗ್ ಲೇರ್, ಆನ್‌ಕಿರಾಜ್, ನ್ಯಾಕ್ಸ್‌ರಾಮಸ್. ಹೊಸ ಆವೃತ್ತಿಗಳಲ್ಲಿ ಮಂತ್ರಗಳ ರ್ಯಾಂಕ್‌ಗಳೂ (ಒಂದೇ ಮಂತ್ರದ ಚಿಕ್ಕ, ದೊಡ್ಡ ಹಂತಗಳು) ಮಾನಾದ ಲೆಕ್ಕವೂ ಬೇರೆಯಾಗಿರುವುದರಿಂದ ಇದನ್ನು ಅಲ್ಲಿಗೆ ಹೊತ್ತೊಯ್ಯಬೇಡಿ.

ಹೆಜ್ಜೆ 1: ನಿಮ್ಮ ಕೆಲಸ ಯಾವುದೆಂದು ಮೊದಲು ಕೇಳಿ

ಗೇರ್ (ತೊಡುವ ಉಡುಪು, ಆಯುಧ) ಪಟ್ಟಿ ಹುಡುಕುವ ಮುಂಚೆ ಹೀಲರ್‌ಗಳ ಮುಖ್ಯಸ್ಥರನ್ನು ಒಂದೇ ಪ್ರಶ್ನೆ ಕೇಳಿ: ನನಗೆ ಯಾರನ್ನು ಕೊಡುತ್ತೀರಿ? ಮುಖ್ಯ ಟ್ಯಾಂಕನ್ನೋ (ಬಾಸ್‌ನ ಏಟುಗಳನ್ನು ತಾನೇ ತಿನ್ನುವವನು), ಒಂದೆರಡು ಗುಂಪುಗಳನ್ನೋ, ಅಥವಾ ಡಿಸ್ಪೆಲ್ (ಶತ್ರು ಹಚ್ಚಿದ ಕೆಟ್ಟ ಮಂತ್ರ ತೆಗೆಯುವ) ಕೆಲಸವನ್ನೋ? 40 ಜನರ ರೇಡ್‌ನಲ್ಲಿ ಐದೈದು ಜನರ ಎಂಟು ಗುಂಪುಗಳಿರುತ್ತವೆ. ಪ್ಯಾಲಡಿನ್‌ಗಳು ಒಬ್ಬನೇ ಗುರಿಯ ಮೇಲೆ ಸತತವಾಗಿ ಹೀಲ್ ಮಾಡುವುದರಲ್ಲಿ ಬಲಶಾಲಿಗಳು. ಶಾಮನ್‌ಗಳ ಚೈನ್ ಹೀಲ್ ಒತ್ತಾಗಿ ನಿಂತ ಹೋರಾಟಗಾರರನ್ನು ಒಟ್ಟಿಗೆ ನೋಡಿಕೊಳ್ಳುತ್ತದೆ. ಪ್ರೀಸ್ಟ್‌ಗೆ ಎಲ್ಲ ಬಗೆಯ ಹೀಲ್‌ಗಳೂ ಇವೆ, ಆದ್ದರಿಂದಲೇ ತಂಡಗಳು ಅವನನ್ನು ಎಲ್ಲಿ ಬಿರುಕಿದೆಯೋ ಅಲ್ಲಿಗೆ ಕಳುಹಿಸುತ್ತವೆ.

ಇದು ಗೇರ್‌ಗೆ ನೇರವಾಗಿ ಸಂಬಂಧಿಸಿದ ಮಾತು. ಟ್ಯಾಂಕ್ ನೋಡುವವನು ಹೋರಾಟದುದ್ದಕ್ಕೂ ಮಂತ್ರ ಹಾಕುತ್ತಲೇ ಇರುತ್ತಾನೆ. ಅವನಿಗೆ ಹಾಕುತ್ತಿರುವಾಗಲೂ ಬರುವ ಮಾನಾ ಬೇಕು. ಗುಂಪು ನೋಡುವವನಿಗೆ ಬಿಡುವುಗಳು ಸಿಗುತ್ತವೆ, ನಡುನಡುವೆ ಒಮ್ಮೆಲೇ ದೊಡ್ಡ ಖರ್ಚು ಬರುತ್ತದೆ. ಈ ಇಬ್ಬರಿಗೂ ಒಂದೇ ಗೇರ್ ಪಟ್ಟಿ ಹೊಂದುವುದಿಲ್ಲ.

ಹೆಜ್ಜೆ 2: ಐದು ಸೆಕೆಂಡಿನ ನಿಯಮವನ್ನು ಕರಗತ ಮಾಡಿಕೊಳ್ಳಿ

ಮಾನಾ ಖರ್ಚಾದ ಕ್ಷಣದಿಂದ ಐದು ಸೆಕೆಂಡುಗಳವರೆಗೆ ಸ್ಪಿರಿಟ್‌ನಿಂದ (ಮಾನಾ ತಾನಾಗಿ ಮರಳುವ ವೇಗ ನಿರ್ಧರಿಸುವ ಪಾತ್ರದ ಗುಣ) ಬರುವ ಮಾನಾ ನಿಂತುಹೋಗುತ್ತದೆ. ಮತ್ತೆ ಖರ್ಚು ಮಾಡದೆ ಆ ಐದು ಸೆಕೆಂಡು ಕಳೆದರೆ ಹರಿವು ಪೂರ್ತಿ ತೆರೆದುಕೊಳ್ಳುತ್ತದೆ. ಪ್ರೀಸ್ಟ್‌ಗೆ ಪ್ರತಿ ಎರಡು ಸೆಕೆಂಡಿಗೆ ಬರುವ ಮಾನಾ ಎಂದರೆ 13ರ ಜೊತೆಗೆ ಸ್ಪಿರಿಟ್‌ನ ಕಾಲು ಭಾಗ. 260 ಸ್ಪಿರಿಟ್ ಇದ್ದರೆ ಎರಡು ಸೆಕೆಂಡಿಗೆ 78, ಅಂದರೆ ಐದು ಸೆಕೆಂಡಿಗೆ 195. ಇದು ದೊಡ್ಡ ಮೊತ್ತ. ಆದರೆ ನಿರಂತರವಾಗಿ ಹೀಲ್ ಮಾಡುತ್ತಿರುವಾಗ ಮೆಡಿಟೇಶನ್ ಟ್ಯಾಲೆಂಟ್‌ನ (ಪಾಯಿಂಟ್ ಕೊಟ್ಟು ಆಯ್ದುಕೊಳ್ಳುವ ವಿಶೇಷ ಗುಣ) ಮೂರೂ ಪಾಯಿಂಟ್ ತೆಗೆದುಕೊಂಡವರಿಗೆ ಅದರ 15 ಪ್ರತಿಶತ, ಅಂದರೆ ಸುಮಾರು 29 ಮಾತ್ರ ದಕ್ಕುತ್ತದೆ; ತೆಗೆದುಕೊಳ್ಳದವರಿಗೆ ಸೊನ್ನೆ.

ಎಂಪಿ5 ಎಂದು ಬರೆದಿರುವ ಗೇರ್‌ನ ಕಥೆ ಬೇರೆ. ಐದು ಸೆಕೆಂಡಿಗೆ ಇಷ್ಟು ಎಂದು ಹೇಳಿದ ಮಾನಾವನ್ನು ಅದು ನೀವು ಮಂತ್ರ ಹಾಕುತ್ತಿರಲಿ, ಸುಮ್ಮನಿರಲಿ ಕೊಡುತ್ತಲೇ ಇರುತ್ತದೆ.

ಇಲ್ಲಿ ಅನೇಕರ ಗಮನಕ್ಕೆ ಬಾರದ ಒಂದು ಸೂಕ್ಷ್ಮವಿದೆ. ಮಾನಾ ಕಳೆಯುವುದು ಮಂತ್ರ ಹಾಕಲು ಶುರುಮಾಡಿದಾಗ ಅಲ್ಲ, ಅದು ಪೂರ್ಣವಾದಾಗ. ಆದ್ದರಿಂದ ಅರ್ಧಕ್ಕೆ ನಿಲ್ಲಿಸಿದ ಮಂತ್ರಕ್ಕೆ ಮಾನಾ ಹೋಗುವುದಿಲ್ಲ, ಐದು ಸೆಕೆಂಡಿನ ಗಡಿಯಾರವೂ ಹೊಸದಾಗಿ ಶುರುವಾಗುವುದಿಲ್ಲ. ಟ್ಯಾಂಕ್ ಹೀಲಿಂಗ್‌ನ ಅರ್ಧ ವಿದ್ಯೆ ಈ ಒಂದು ಸಂಗತಿಯ ಮೇಲೆ ನಿಂತಿದೆ. ಮುಂದೆ ಅದಕ್ಕೆ ಬರುತ್ತೇನೆ. ಇನ್ನರ್ ಫೋಕಸ್ ಹಾಕಿ ಬಿಟ್ಟ ಮಂತ್ರಕ್ಕೂ ಮಾನಾ ಖರ್ಚಿಲ್ಲ, ಆದ್ದರಿಂದ ಅದೂ ಗಡಿಯಾರವನ್ನು ಮುಟ್ಟುವುದಿಲ್ಲ. ಮೂರು ನಿಮಿಷಕ್ಕೊಮ್ಮೆ ಸಿಗುವ ಈ ಅವಕಾಶವನ್ನು ನಿಮ್ಮ ಅತಿ ದುಬಾರಿ ಮಂತ್ರಕ್ಕೆ ಮೀಸಲಿಡಿ. 1030 ಮಾನಾ ತಿನ್ನುವ ನಾಲ್ಕನೇ ರ್ಯಾಂಕ್‌ನ ಪ್ರೇಯರ್ ಆಫ್ ಹೀಲಿಂಗ್‌ಗೆ ಬಳಸಿದರೆ ಹೆಚ್ಚು ಲಾಭ.

ಹೆಜ್ಜೆ 3: ಚಿಕ್ಕ ರ್ಯಾಂಕ್‌ಗಳ ಲೆಕ್ಕ

ಹೊಸ ಪ್ರೀಸ್ಟ್‌ಗಳು ಹೊಸ ರ್ಯಾಂಕ್ ಕಲಿತ ಕೂಡಲೇ ಹಳೆಯದನ್ನು ಬಾರ್‌ನಿಂದ (ಪರದೆಯ ಮೇಲಿನ ಮಂತ್ರಗಳ ಸಾಲು) ತೆಗೆದುಹಾಕುತ್ತಾರೆ. ಕ್ಲಾಸಿಕ್‌ನಲ್ಲಿ ಇದಕ್ಕಿಂತ ದುಬಾರಿ ಅಭ್ಯಾಸ ಇನ್ನೊಂದಿಲ್ಲ.

ಕಾರಣ ಹೀಗಿದೆ. ಗೇರ್ ಮೇಲಿರುವ ಬೋನಸ್ ಹೀಲಿಂಗ್ ಎಷ್ಟರ ಮಟ್ಟಿಗೆ ಮಂತ್ರಕ್ಕೆ ಸೇರುತ್ತದೆ ಎಂಬುದು ಅದರ ಮೂಲ ಹಾಕುವ ಸಮಯವನ್ನು ಅವಲಂಬಿಸಿದೆ: ಸಮಯವನ್ನು 3.5ರಿಂದ ಭಾಗಿಸಿ. ಮೂರು ಸೆಕೆಂಡಿನ ಹೀಲ್ ಮತ್ತು ಗ್ರೇಟರ್ ಹೀಲ್‌ಗೆ ಸುಮಾರು 86 ಪ್ರತಿಶತ, ಒಂದೂವರೆ ಸೆಕೆಂಡಿನ ಫ್ಲ್ಯಾಶ್ ಹೀಲ್‌ಗೆ ಸುಮಾರು 43 ಪ್ರತಿಶತ, 15 ಸೆಕೆಂಡು ಹರಿಯುವ ರಿನ್ಯೂಗೆ ಪೂರ್ತಿ 100. ಡಿವೈನ್ ಫ್ಯೂರಿ ಟ್ಯಾಲೆಂಟ್ ಹೀಲ್‌ನ ಸಮಯವನ್ನು ಎರಡೂವರೆ ಸೆಕೆಂಡಿಗೆ ಇಳಿಸಿದರೂ ಈ 86 ಪ್ರತಿಶತ ಹಾಗೆಯೇ ಉಳಿಯುತ್ತದೆ. ಮುಖ್ಯವಾದ ಮಾತು ಇನ್ನು ಮುಂದಿದೆ: ಇದೇ ಪ್ರಮಾಣ ಚಿಕ್ಕ ರ್ಯಾಂಕ್‌ಗೂ ಪೂರ್ತಿಯಾಗಿ ಸಿಗುತ್ತದೆ. 20ನೇ ಲೆವೆಲ್‌ಗಿಂತ ಮುಂಚೆ ಕಲಿತ ರ್ಯಾಂಕ್‌ಗಳಿಗೆ ಮಾತ್ರ ಕಡಿತವಿದೆ. ಹೀಲ್‌ನ ಮೊದಲ ರ್ಯಾಂಕ್ 16ನೇ ಲೆವೆಲ್‌ನದು, ಅದನ್ನು ಬಿಡಿ. ಎರಡನೇ ರ್ಯಾಂಕ್ 22ನೇ ಲೆವೆಲ್‌ನದು. ಚಿನ್ನ ಇರುವುದು ಇಲ್ಲಿಂದ.

ಅಂಕಿಗಳನ್ನು ನೋಡಿ. ಹೀಲ್ ಎರಡನೇ ರ್ಯಾಂಕ್ 205 ಮಾನಾಕ್ಕೆ 429ರಿಂದ 491, ಸರಾಸರಿ 460 ಗುಣಪಡಿಸುತ್ತದೆ. ಗ್ರೇಟರ್ ಹೀಲ್ ನಾಲ್ಕನೇ ರ್ಯಾಂಕ್ 655 ಮಾನಾಕ್ಕೆ 1798ರಿಂದ 2006, ಸರಾಸರಿ 1902. ಬೋನಸ್ ಸೊನ್ನೆ ಇದ್ದಾಗ ಒಂದು ಮಾನಾಕ್ಕೆ ಮೊದಲನೆಯದು 2.2, ಎರಡನೆಯದು 2.9 ಕೊಡುತ್ತದೆ. ದೊಡ್ಡದೇ ಮೇಲು. ಈಗ 600 ಬೋನಸ್ ಹೀಲಿಂಗ್ ತೊಟ್ಟುಕೊಳ್ಳಿ. ಎರಡಕ್ಕೂ ಸುಮಾರು 514 ಸೇರುತ್ತದೆ. ಚಿಕ್ಕದು 974 ಆಯಿತು, ಮಾನಾಕ್ಕೆ 4.75; ದೊಡ್ಡದು 2416, ಮಾನಾಕ್ಕೆ 3.7 ಅಷ್ಟೇ. ತಕ್ಕಡಿ ಸುಮಾರು 230 ಬೋನಸ್‌ನ ಹತ್ತಿರ ಸಮವಾಗುತ್ತದೆ. ಅದಕ್ಕಿಂತ ಕೆಳಗಿದ್ದರೆ ಚಿಕ್ಕ ರ್ಯಾಂಕ್‌ನಿಂದ ಉಳಿತಾಯವಿಲ್ಲ. ಮೇಲಿದ್ದರೆ ಪ್ರತಿ ಹೊಸ ಉಡುಪಿನೊಂದಿಗೆ ಉಳಿತಾಯ ಬೆಳೆಯುತ್ತದೆ. (ಹೀಲ್‌ಗಳ ಬೆಲೆ ಇಳಿಸುವ ಇಂಪ್ರೂವ್ಡ್ ಹೀಲಿಂಗ್ ಎರಡಕ್ಕೂ ಒಂದೇ ಸಮನಾಗಿ ಅನ್ವಯಿಸುವುದರಿಂದ ಲೆಕ್ಕದಿಂದ ಹೊರಗಿಟ್ಟಿದ್ದೇನೆ.)

ಆದರೆ ಇನ್ನೊಂದು ಮುಖವನ್ನೂ ನೋಡಬೇಕು. 6000 ಮಾನಾ ಇದ್ದರೆ ಎರಡನೇ ರ್ಯಾಂಕ್ 29 ಸಲ ಹಾಕಬಹುದು, ಒಟ್ಟು 28,000ಕ್ಕೂ ಹೆಚ್ಚು. ಗ್ರೇಟರ್ ಹೀಲ್ 9 ಸಲ, 22,000ಕ್ಕೆ ಸ್ವಲ್ಪ ಕಡಿಮೆ. ಮೊದಲನೆಯದಕ್ಕೆ 72 ಸೆಕೆಂಡು ಹಿಡಿದರೆ ಎರಡನೆಯದು 22 ಸೆಕೆಂಡಿನಲ್ಲಿ ಮುಗಿಯುತ್ತದೆ. ಅಂದರೆ ಚಿಕ್ಕ ರ್ಯಾಂಕ್ ಮಿತವ್ಯಯಿ, ನಿಧಾನಿ. ಬಾಸ್‌ನ ಎರಡು ಏಟಿಗೆ ಟ್ಯಾಂಕ್ ಅರ್ಧ ಜೀವ ಕಳೆದುಕೊಳ್ಳುತ್ತಿದ್ದರೆ ಎರಡನೇ ರ್ಯಾಂಕ್ ಹಿಡಿದು ಕೂರುವುದು ಉಳಿತಾಯ ಅಲ್ಲ, ಬೇಜವಾಬ್ದಾರಿ.

ನನ್ನ ಸಲಹೆ: ಬಾರ್‌ನಲ್ಲಿ ಹೀಲ್ 2 ಅಥವಾ 3, ಹೀಲ್ 4, ಗ್ರೇಟರ್ ಹೀಲ್ 1, ಗ್ರೇಟರ್ ಹೀಲ್‌ನ ಅತಿ ದೊಡ್ಡ ರ್ಯಾಂಕ್ ಇವು ಒಂದೇ ಸಾಲಿನಲ್ಲಿ, ಚಿಕ್ಕದರಿಂದ ದೊಡ್ಡದಕ್ಕೆ ಇರಲಿ. ಫ್ಲ್ಯಾಶ್ ಹೀಲ್‌ನಲ್ಲಿ ನಾಲ್ಕನೆಯದು (215 ಮಾನಾ) ಮತ್ತು ಏಳನೆಯದು (380 ಮಾನಾ). ಏಳನೆಯದು 600 ಬೋನಸ್‌ನಲ್ಲೂ ಒಂದು ಮಾನಾಕ್ಕೆ 3 ಮಾತ್ರ ಕೊಡುತ್ತದೆ. ಅದನ್ನು ಜೀವ ಉಳಿಸಲು ಒತ್ತಿ, ಗಾಯ ಒರೆಸಲು ಒತ್ತಬೇಡಿ.

ಹೆಜ್ಜೆ 4: ಗೇರ್ ಆಯ್ಕೆ

ಮೇಲಿನ ಲೆಕ್ಕದಿಂದಲೇ ಉತ್ತರ ಬಹುಪಾಲು ಹೊರಬರುತ್ತದೆ: ಮೊದಲು ಬೋನಸ್ ಹೀಲಿಂಗ್. ಅದು ಪ್ರತಿ ಹೀಲನ್ನು ದೊಡ್ಡದಾಗಿಸುವುದಷ್ಟೇ ಅಲ್ಲ, ಅಗ್ಗದ ರ್ಯಾಂಕ್ ಸಾಕಾಗುವಂತೆ ಮಾಡಿ ಮಾನಾವನ್ನೂ ಉಳಿಸುತ್ತದೆ. 230ರ ಗಡಿ ದಾಟುವವರೆಗೆ ಬೇರೆ ಯಾವುದರ ಬಗ್ಗೆಯೂ ತಲೆ ಕೆಡಿಸಿಕೊಳ್ಳಬೇಡಿ.

ರೇಡ್‌ಗೆ ಮುಂಚೆಯೇ ಇದಕ್ಕೆ ದಾರಿಗಳಿವೆ. ಸ್ಟ್ರ್ಯಾಥೋಲ್ಮ್‌ನ ಕೊನೆಯಲ್ಲಿ ಬ್ಯಾರನ್ ರಿವೆಂಡೇರ್ ಬಿಡುವ ರೋಬ್ಸ್ ಆಫ್ ದಿ ಎಕ್ಸಾಲ್ಟೆಡ್ ಒಂದರಲ್ಲೇ 68 ಹೀಲಿಂಗ್ ಇದೆ. ಚರ್ಮದ ಕೆಲಸದವರು ಮಾಡುವ ಹೈಡ್ ಆಫ್ ದಿ ವೈಲ್ಡ್ ಎಂಬ ಮೇಲುಹೊದಿಕೆಯಲ್ಲಿ 42. ಹೊಲಿಗೆಯವರು ಮಾಡುವ ಟ್ರೂಫೇತ್ ವೆಸ್ಟ್‌ಮೆಂಟ್ಸ್‌ನಲ್ಲಿ 73 ಹೀಲಿಂಗ್ ಜೊತೆಗೆ 6 ಎಂಪಿ5, ಸಾಲದೆಂಬಂತೆ ಶತ್ರುಗಳ ಗಮನ ತಪ್ಪಿಸುವ ಫೇಡ್ ಮಂತ್ರದ ಕಾಯುವ ಸಮಯವೂ ಎರಡು ಸೆಕೆಂಡು ಇಳಿಯುತ್ತದೆ. ಇದನ್ನು ಸಂಪಾದಿಸಿದವರು ಬ್ಲ್ಯಾಕ್‌ವಿಂಗ್ ಲೇರ್‌ವರೆಗೂ ಎದೆಯ ಉಡುಪನ್ನು ಬದಲಿಸುವ ಅವಸರದಲ್ಲಿ ಇರಬೇಕಿಲ್ಲ. ಆಲ್ಟರಾಕ್ ವ್ಯಾಲಿಯಲ್ಲಿ ಕೀರ್ತಿಯ ಕೊನೆಯ ಮೆಟ್ಟಿಲು ಮುಟ್ಟಿದವರಿಗೆ ಸಿಗುವ ಲೇ ಆಫ್ ದಿ ಲೈಫ್‌ಗಿವರ್ ಎಡಗೈಗೆ 53 ಹೀಲಿಂಗ್ ಕೊಡುತ್ತದೆ. ಇದಕ್ಕೆ ರೇಡ್ ಸದಸ್ಯರೊಡನೆ ಪೈಪೋಟಿ ಇಲ್ಲ, ಲಾಟರಿಯೂ ಇಲ್ಲ. ಸಮಯ ಕೊಟ್ಟರೆ ಸಿಕ್ಕೇ ಸಿಗುತ್ತದೆ. ಆದ್ದರಿಂದಲೇ ಮೊದಲ ಶಿಫಾರಸು ಅದು.

230 ದಾಟಿದ ಮೇಲೆ ಪ್ರಶ್ನೆ ಬದಲಾಗುತ್ತದೆ: ಇಂಟೆಲೆಕ್ಟೋ, ಎಂಪಿ5ಓ, ಸ್ಪಿರಿಟೋ? ಒಂದು ಇಂಟೆಲೆಕ್ಟ್ ಎಂದರೆ 15 ಮಾನಾ. ಐದು ನಿಮಿಷದ ಹೋರಾಟದಲ್ಲಿ ಒಂದು ಎಂಪಿ5 60 ಮಾನಾ ತರುತ್ತದೆ, ಅಂದರೆ ನಾಲ್ಕು ಇಂಟೆಲೆಕ್ಟ್‌ಗೆ ಸಮ. ಎರಡು ನಿಮಿಷದಲ್ಲಿ ಮುಗಿಯುವ ಹೋರಾಟದಲ್ಲಿ ಅದೇ ಎಂಪಿ5 ತರುವುದು 24 ಮಾತ್ರ. ನಿಮ್ಮ ತಂಡ ಬಾಸ್‌ಗಳನ್ನು ಬೇಗ ಉರುಳಿಸುತ್ತಿದ್ದರೆ ದೊಡ್ಡ ಮಾನಾ ಪಾತ್ರೆ ಉಪಯುಕ್ತ. ಹೊಸ ರೇಡ್‌ನಲ್ಲಿ ಏದುಸಿರು ಬಿಡುತ್ತಿದ್ದರೆ ಎಂಪಿ5. ಒಬ್ಬರೇ ಎರಡು ತಂಡಗಳಲ್ಲಿ ಆಡುತ್ತಿದ್ದರೆ ಎರಡು ಬಗೆಯ ಉಡುಪು ಬೇಕಾದೀತು.

ಸ್ಪಿರಿಟ್‌ಗೆ ಪ್ರೀಸ್ಟ್‌ನ ಬಳಿ ವಿಶೇಷ ಬೆಲೆ ಇದೆ. ಸ್ಪಿರಿಚುವಲ್ ಗೈಡೆನ್ಸ್ ಟ್ಯಾಲೆಂಟ್ ಒಟ್ಟು ಸ್ಪಿರಿಟ್‌ನ ಕಾಲು ಭಾಗವನ್ನು ಬೋನಸ್ ಹೀಲಿಂಗ್ ಆಗಿ ಕೊಡುತ್ತದೆ. ಹಾಗಾಗಿ 260 ಸ್ಪಿರಿಟ್ ಇದ್ದರೆ ಗೇರ್ ಮೇಲೆ ಎಲ್ಲೂ ಬರೆಯದ 65 ಹೀಲಿಂಗ್ ನಿಮ್ಮಲ್ಲಿದೆ. ಇದರ ಜೊತೆ ಟ್ರಾನ್ಸೆಂಡೆನ್ಸ್ ಸೆಟ್‌ನ ಮೂರು ತುಣುಕು ಸೇರಿದರೆ ಚಿತ್ರವೇ ಬದಲಾಗುತ್ತದೆ: ಮಂತ್ರ ಹಾಕುತ್ತಿರುವಾಗಲೂ ಸ್ಪಿರಿಟ್‌ನ ಇನ್ನೂ 15 ಪ್ರತಿಶತ ಮಾನಾ ಹರಿಯುತ್ತದೆ. ಮೆಡಿಟೇಶನ್ ಜೊತೆ ಕೂಡಿದರೆ 30, ಅಂದರೆ ಐದು ಸೆಕೆಂಡಿಗೆ 29 ಇದ್ದದ್ದು 58. ಹೀಲರ್ ಪ್ರೀಸ್ಟ್‌ಗೆ ಕ್ಲಾಸಿಕ್‌ನಲ್ಲಿ ಇದಕ್ಕಿಂತ ಮಹತ್ವದ ಮೂರು ತುಣುಕುಗಳಿಲ್ಲ ಎಂದು ದೃಢವಾಗಿ ಹೇಳುತ್ತೇನೆ. ಕಾಲಿನದು ರ್ಯಾಗ್ನರೋಸ್‌ನಿಂದ, ತಲೆಯದು ಒನಿಕ್ಸಿಯಾದಿಂದ ಬರುತ್ತದೆ. ಬ್ಲ್ಯಾಕ್‌ವಿಂಗ್ ಲೇರ್‌ನ ಮೊದಲ ಬಾಸ್ ರೇಜರ್‌ಗೋರ್‌ನ ಮಣಿಕಟ್ಟು ಸಿಕ್ಕಿದರೆ ಮೂರಾಯಿತು. ಅಂಕ ಕೂಡಿಟ್ಟು ಗೇರ್ ಹಂಚುವ ತಂಡದಲ್ಲಿದ್ದರೆ ನಿಮ್ಮ ಅಂಕಗಳನ್ನು ಈ ಮೂರಕ್ಕೆ ಕಾಯ್ದಿಡಿ. ಎಂಟು ತುಣುಕು ಪೂರ್ತಿ ಮಾಡಿದವರ ಗ್ರೇಟರ್ ಹೀಲ್ ತನ್ನ ಹಿಂದೆ ಐದನೇ ರ್ಯಾಂಕ್‌ನ ರಿನ್ಯೂಗೆ ಸಮನಾದ ಹರಿವನ್ನು ಬಿಟ್ಟುಹೋಗುತ್ತದೆ. ಮುಖ್ಯ ಟ್ಯಾಂಕ್ ನೋಡುವ ಒಬ್ಬ ಪ್ರೀಸ್ಟ್‌ಗೆ ಅದು ಇರಲಿ, ಎಲ್ಲರೂ ಅದರ ಬೆನ್ನು ಹತ್ತುವುದು ಬೇಡ.

ಮೊದಲ ಸೆಟ್ ಪ್ರಾಫೆಸಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ತುಣುಕಿಗೆ ಫ್ಲ್ಯಾಶ್ ಹೀಲ್ 0.1 ಸೆಕೆಂಡು ಬೇಗವಾಗುತ್ತದೆ, ಅಷ್ಟೇ. ಬಿಡಿ ತುಣುಕು ಚೆನ್ನಾಗಿದ್ದರೆ ತೊಡಿ, ಸೆಟ್‌ಗಾಗಿ ಒಳ್ಳೆಯದನ್ನು ಕಳಚಬೇಡಿ.

ಕೋಲಿನ ವಿಷಯಕ್ಕೆ ಬಂದರೆ ಬೆನೆಡಿಕ್ಷನ್ ಪ್ರೀಸ್ಟ್‌ನ ಹೆಮ್ಮೆ. ಮೋಲ್ಟನ್ ಕೋರ್‌ನಲ್ಲಿ ಮೇಜರ್‌ಡೋಮೊ ಎಕ್ಸಿಕ್ಯೂಟಸ್‌ನ ಪೆಟ್ಟಿಗೆಯಿಂದ ಐ ಆಫ್ ಡಿವಿನಿಟಿ ಸಿಗಬೇಕು. ಅದನ್ನು ತೊಟ್ಟಾಗ ಮಾತ್ರ ಈಸ್ಟರ್ನ್ ಪ್ಲೇಗ್‌ಲ್ಯಾಂಡ್ಸ್‌ನಲ್ಲಿ ಎರಿಸ್ ಹೇವನ್‌ಫೈರ್ ಎಂಬ ಪ್ರೇತ ಕಣ್ಣಿಗೆ ಬೀಳುತ್ತಾಳೆ. ಅವಳು ಒಡ್ಡುವ ಪರೀಕ್ಷೆಯಲ್ಲಿ ನೀವು ಒಬ್ಬರೇ ನಿಂತು ಓಡಿಬರುವ 50 ಹಳ್ಳಿಗರನ್ನು ಬದುಕಿಸಬೇಕು. ಅಸ್ಥಿಪಂಜರದ ಬಿಲ್ಲುಗಾರರು ಅವರ ಮೇಲೆ ಬಾಣ ಬಿಡುತ್ತಿರುತ್ತಾರೆ. 15 ಜನ ಸತ್ತರೆ ಪರೀಕ್ಷೆ ಮುಗಿಯಿತು. ಇದರಲ್ಲಿ ಸೋಲುವವರು ಸಾಮಾನ್ಯವಾಗಿ ಮೊದಲ ಅಲೆಗಳಲ್ಲೇ ದೊಡ್ಡ ಹೀಲ್‌ಗಳಿಗೆ ಮಾನಾ ಸುರಿದಿರುತ್ತಾರೆ. ಹಳ್ಳಿಗರ ಜೀವ ಚಿಕ್ಕದು. ಚಿಕ್ಕ ರ್ಯಾಂಕ್‌ನ ಫ್ಲ್ಯಾಶ್ ಹೀಲ್, ರಿನ್ಯೂ ಮತ್ತು ಶೀಲ್ಡ್ ಸಾಕು. ಎಲ್ಲರನ್ನೂ ಉಳಿಸುವ ಛಲ ಬೇಡ, ಬದುಕಿಸಬಹುದಾದವರ ಕಡೆ ತಿರುಗಿ. ಗೆದ್ದಾಗ ಸಿಗುವ ಸ್ಪ್ಲಿಂಟರ್ ಆಫ್ ನೊರ್ಡ್ರಾಸಿಲ್‌ಗೆ ಐ ಆಫ್ ಡಿವಿನಿಟಿಯನ್ನೂ ಐ ಆಫ್ ಶ್ಯಾಡೋ ಎಂಬ ಇನ್ನೊಂದು ವಸ್ತುವನ್ನೂ ಸೇರಿಸಿದರೆ ಕೋಲು ಸಿದ್ಧ. ರೇಡ್‌ಗೆ ಬೇಕಾದ ಎಣಿಕೆಯ ಬುದ್ಧಿಯನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಕ್ವೆಸ್ಟ್ ಈ ಆಟದಲ್ಲಿ ನನಗೆ ಕಂಡಿಲ್ಲ.

ಬೋನಸ್ ಹೀಲಿಂಗ್ ಮತ್ತು ಎಂಪಿ5 ಮಧ್ಯೆ ಯಾವುದನ್ನು ತೊಡಲಿ ಎಂಬ ಗೊಂದಲ ಬಂದಾಗ ಸೂತ್ರಕ್ಕಿಂತ ಒಳ್ಳೆಯ ಒಂದು ಪರೀಕ್ಷೆ ಇದೆ: ಬಾಸ್ ಬಿದ್ದ ಕ್ಷಣದಲ್ಲಿ ನಿಮ್ಮ ಮಾನಾ ಎಷ್ಟಿತ್ತು ಎಂದು ನೋಡಿ. ಉಳಿದ ಮಾನಾ ಯಾರನ್ನೂ ಬದುಕಿಸಿಲ್ಲ. ಮೂರನೇ ಒಂದು ಭಾಗ ಪ್ರತಿ ಸಲವೂ ಉಳಿಯುತ್ತಿದ್ದರೆ ಎಂಪಿ5 ಬಿಟ್ಟು ಬೋನಸ್ ಹೀಲಿಂಗ್ ತೊಡಿ. ಬಾಸ್‌ಗೆ ಇನ್ನೂ ಕಾಲು ಜೀವ ಇರುವಾಗಲೇ ಬರಿದಾಗುತ್ತಿದ್ದರೆ ಮೊದಲು ನಿಮ್ಮ ರ್ಯಾಂಕ್ ಆಯ್ಕೆಯನ್ನು ನೋಡಿ, ಅದು ಸರಿಯಿದ್ದರೆ ಎಂಪಿ5 ಕಡೆ ಹೋಗಿ.

ಟ್ಯಾಲೆಂಟ್‌ಗಳಲ್ಲಿ ಆಯ್ಕೆ ಕಡಿಮೆ. ಮೆಡಿಟೇಶನ್ ಮತ್ತು ಇನ್ನರ್ ಫೋಕಸ್ ಸಿಗುವವರೆಗೆ ಪಾಯಿಂಟ್‌ಗಳು ಡಿಸಿಪ್ಲಿನ್ ಶಾಖೆಯಲ್ಲಿ, ಉಳಿದದ್ದು ಹೋಲಿ ಶಾಖೆಯಲ್ಲಿ. ತಂಡದಲ್ಲಿ ಒಬ್ಬರಾದರೂ ಇತರರ ಸ್ಪಿರಿಟ್ ಏರಿಸುವ ಡಿವೈನ್ ಸ್ಪಿರಿಟ್ ತೆಗೆದುಕೊಂಡಿರಲಿ. ಹೀಲ್ ಕ್ರಿಟ್ ಆದಾಗ (ಅದೃಷ್ಟದಿಂದ ಮಾಮೂಲಿಗಿಂತ ದೊಡ್ಡದಾದಾಗ) ಟ್ಯಾಂಕ್‌ನ ಆರ್ಮರನ್ನು 15 ಸೆಕೆಂಡು 25 ಪ್ರತಿಶತ ಏರಿಸುವ ಇನ್‌ಸ್ಪಿರೇಷನ್ ಟ್ಯಾಂಕ್ ನೋಡುವವರಿಗೆ ಕಡ್ಡಾಯ.

ಹೆಜ್ಜೆ 5: ಟ್ಯಾಂಕ್ ಮೇಲೆ ಕೈ

ಈಗ ಹಿಂದೆ ಹೇಳಿದ ಅರ್ಧಕ್ಕೆ ನಿಲ್ಲಿಸುವ ವಿದ್ಯೆ. ಬಾಸ್ ಹೊಡೆಯುವ ಮುಂಚೆಯೇ ಗ್ರೇಟರ್ ಹೀಲ್ ಹಾಕಲು ಶುರುಮಾಡಿ. ಮಂತ್ರದ ಸಮಯ ತೋರಿಸುವ ಪಟ್ಟಿ ತುಂಬುತ್ತಾ ಬಂದಂತೆ ಕಣ್ಣು ಟ್ಯಾಂಕ್‌ನ ಜೀವದ ಮೇಲಿರಲಿ. ಏಟು ಬಿತ್ತೋ, ಹೀಲ್ ಮುಗಿಯಲು ಬಿಡಿ. ಅದು ಏಟಿನ ಬೆನ್ನಲ್ಲೇ ತಲುಪುತ್ತದೆ. ಏಟು ತಪ್ಪಿತೋ, ಬೇರೆಯವರು ತುಂಬಿಸಿದರೋ, ಕೊನೆಯ ಕಾಲು ಸೆಕೆಂಡಿನಲ್ಲಿ ನಿಲ್ಲಿಸಿ ತಕ್ಷಣ ಮತ್ತೆ ಶುರುಮಾಡಿ. ಒಂದು ಹನಿ ಮಾನಾ ಹೋಗಿಲ್ಲ. ಸ್ಪಿರಿಟ್‌ನ ಹರಿವೂ ನಿಂತಿಲ್ಲ. ಹಾಕುವುದನ್ನು ನಿಲ್ಲಿಸುವ ಆದೇಶವನ್ನೂ ಹೀಲನ್ನೂ ಒಂದೇ ಮ್ಯಾಕ್ರೋದಲ್ಲಿ ಸೇರಿಸಿ ಒಂದೇ ಗುಂಡಿಗೆ ಕಟ್ಟಿಕೊಳ್ಳಿ. ಎಸ್ಕೇಪ್ ಕೀಗೆ ಬೆರಳು ಓಡಿಸುವಷ್ಟರಲ್ಲಿ ಹೀಲ್ ಮುಗಿದಿರುತ್ತದೆ. ಒಂದು ಎಚ್ಚರಿಕೆ: ಇದೇ ಗುಂಡಿಯನ್ನು ಆತಂಕದಲ್ಲಿ ಪಟಪಟನೆ ಒತ್ತಿದರೆ ಬೇಕಾದ ಹೀಲ್ ಎಂದೂ ಮುಗಿಯುವುದಿಲ್ಲ. ಹಾಗಾಗಿ ನಿಲ್ಲಿಸುವ ಆದೇಶವಿಲ್ಲದ ಗ್ರೇಟರ್ ಹೀಲ್ ಕೂಡ ಬೇರೆ ಗುಂಡಿಯಲ್ಲಿರಲಿ.

ಒಂದೇ ಟ್ಯಾಂಕನ್ನು ಮೂವರು ನೋಡುತ್ತಿದ್ದರೆ ಮೂವರೂ ಒಂದೇ ಕ್ಷಣದಲ್ಲಿ ಶುರುಮಾಡಬೇಡಿ. ಒಬ್ಬರು ದೊಡ್ಡ ಹೀಲ್ ಹಿಡಿದು ಕಾಯುವವರು, ಇಬ್ಬರು ಚಿಕ್ಕ ರ್ಯಾಂಕ್‌ನಲ್ಲಿ ಸರದಿ ಹಾಕುವವರು ಎಂದು ಮೊದಲೇ ಮಾತಾಡಿಕೊಂಡರೆ ವ್ಯರ್ಥ ಹೀಲ್ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ.

ವಾರಿಯರ್ ಟ್ಯಾಂಕ್ ಮೇಲೆ ಹೋರಾಟದ ಆರಂಭದಲ್ಲಿ ಪವರ್ ವರ್ಡ್ ಶೀಲ್ಡ್ ಹಾಕಬೇಡಿ. ಶೀಲ್ಡ್ ಹೀರಿದ ಏಟಿನಿಂದ ವಾರಿಯರ್‌ಗೆ ರೇಜ್ (ಅವನ ಹೊಡೆತಗಳಿಗೆ ಬೇಕಾದ ಶಕ್ತಿ) ಬರುವುದಿಲ್ಲ, ರೇಜ್ ಇಲ್ಲದೆ ಬಾಸ್ ಅವನ ಕಡೆ ನಿಲ್ಲುವುದಿಲ್ಲ. ಅವನು ಸಾವಿನಂಚಿಗೆ ಬಂದಾಗ ಹಾಕಿ, ಆಗ ಯಾರೂ ದೂರುವುದಿಲ್ಲ.

ಹೆಜ್ಜೆ 6: ಗುಂಪು, ಡಿಸ್ಪೆಲ್, ಬೆದರಿಕೆ

ಪ್ರೇಯರ್ ಆಫ್ ಹೀಲಿಂಗ್ ನಿಮ್ಮ ಸ್ವಂತ ಗುಂಪಿನ ಐವರಿಗೆ ಮಾತ್ರ. ಆದ್ದರಿಂದ ಗುಂಪು ಕಟ್ಟುವಾಗಲೇ ಹೇಳಿ: ಎಲ್ಲರಿಗೂ ಒಟ್ಟಿಗೆ ಪೆಟ್ಟು ಬೀಳುವ ಹೋರಾಟದಲ್ಲಿ ಹೀಲರ್‌ಗಳನ್ನೆಲ್ಲ ಒಂದೇ ಗುಂಪಿನಲ್ಲಿ ಗುಡ್ಡೆ ಹಾಕಬಾರದು, ಗುಂಪಿಗೊಬ್ಬ ಪ್ರೀಸ್ಟ್ ಹಂಚಿಹೋಗಬೇಕು. ಇಬ್ಬರಿಗೆ ಮಾತ್ರ ಗಾಯವಾಗಿದ್ದಾಗ ಈ ಮಂತ್ರ ದುಂದು; ಮೂವರು ಅಥವಾ ಹೆಚ್ಚು ಜನ ಕುಸಿದಾಗ ಇದನ್ನು ಯಾವುದೂ ಮೀರಿಸುವುದಿಲ್ಲ.

ಒಬ್ಬನ ಮೇಲೆ ಒಂದೇ ರಿನ್ಯೂ ನಿಲ್ಲುತ್ತದೆ. ಹೀಗಿರುವಾಗ ಐದು ಪ್ರೀಸ್ಟ್‌ಗಳು ಎಲ್ಲರ ಮೇಲೂ ರಿನ್ಯೂ ಎರಚುತ್ತಾ ಹೋದರೆ ಪರಸ್ಪರರ ಮಾನಾವನ್ನೇ ಅಳಿಸುತ್ತಿರುತ್ತಾರೆ. ಗುಂಪು ಹಂಚಿಕೊಳ್ಳಿ. ಶೀಲ್ಡ್ ವಿಷಯದಲ್ಲೂ ಅಷ್ಟೇ: ಒಬ್ಬರು ಹಾಕಿದ ಮೇಲೆ 15 ಸೆಕೆಂಡು ಯಾವ ಪ್ರೀಸ್ಟ್‌ಗೂ ಅವನ ಮೇಲೆ ಮತ್ತೆ ಹಾಕಲಾಗದು.

ಹೀಲ್‌ನಿಂದಲೂ ಶತ್ರುಗಳ ಗಮನ ನಿಮ್ಮತ್ತ ತಿರುಗುತ್ತದೆ. ನಿಜವಾಗಿ ತುಂಬಿದ ಜೀವದ ಅರ್ಧದಷ್ಟು ಬೆದರಿಕೆ ಉಂಟಾಗಿ ಹೋರಾಟದಲ್ಲಿರುವ ಎಲ್ಲ ಶತ್ರುಗಳಿಗೆ ಹಂಚಿಹೋಗುತ್ತದೆ. ಹೆಚ್ಚಾಗಿ ಚೆಲ್ಲಿಹೋದ ಹೀಲ್ ಲೆಕ್ಕಕ್ಕಿಲ್ಲ. ಅಪಾಯ ಇರುವುದು ಬಾಸ್‌ನಲ್ಲಲ್ಲ, ಟ್ಯಾಂಕ್ ಇನ್ನೂ ಮುಟ್ಟದ ಹೊಸ ಶತ್ರುಗಳು ಒಳಬಂದಾಗ. ಆ ಕ್ಷಣಕ್ಕೆ ಫೇಡ್ ಸಿದ್ಧವಿರಲಿ.

ಡಿಸ್ಪೆಲ್ ಮಾಡುವವರನ್ನು ಮೀಟರ್ ಎಂದೂ ಹೊಗಳುವುದಿಲ್ಲ, ಆದರೆ ಮೋಲ್ಟನ್ ಕೋರ್‌ನ ಅರ್ಧ ಸಾವುಗಳನ್ನು ತಡೆಯುವವರು ಅವರೇ. ಲೂಸಿಫ್ರಾನ್ ಹಾಕುವ ಇಂಪೆಂಡಿಂಗ್ ಡೂಮ್ 10 ಸೆಕೆಂಡಿನಲ್ಲಿ 2000 ಪೆಟ್ಟು ಕೊಡುತ್ತದೆ. ಅಷ್ಟರೊಳಗೆ ತೆಗೆದರೆ ಹೀಲ್ ಮಾಡುವ ಅಗತ್ಯವೇ ಇಲ್ಲ. ಬ್ಯಾರನ್ ಗೆಡನ್‌ನ ಇಗ್ನೈಟ್ ಮಾನಾ ಹೀಲರ್‌ಗಳ ಮಾನಾವನ್ನೇ ಸುಡುತ್ತದೆ: ಮೊದಲು ನಿಮ್ಮ ಮೇಲಿನದನ್ನು, ನಂತರ ಇತರ ಹೀಲರ್‌ಗಳದ್ದನ್ನು ತೆಗೆಯಿರಿ. ಶಾಪಗಳನ್ನು ತೆಗೆಯುವುದು ಪ್ರೀಸ್ಟ್ ಕೈಯಲ್ಲಿಲ್ಲ, ಅದು ಮೇಜ್ ಮತ್ತು ಡ್ರೂಯಿಡ್‌ಗಳ ಕೆಲಸ. ಆದರೂ ಶಾಪ ಯಾರ ಮೇಲಿದೆ ಎಂದು ನಿಮಗೆ ಕಾಣಲೇಬೇಕು. ಗೆಹೆನ್ನಾಸ್‌ನ ಶಾಪ ಬಿದ್ದವನಿಗೆ ಹೀಲ್‌ನ ಕಾಲು ಭಾಗ ಮಾತ್ರ ತಲುಪುತ್ತದೆ. ಅದು ಟ್ಯಾಂಕ್ ಮೇಲಿದ್ದರೆ ಒಂದು ಶೀಲ್ಡ್ ಹಾಕಿ ಕೂಗಿ ಹೇಳಿ. ರೇಡ್ ಚೌಕಗಳಲ್ಲಿ ಈ ಗುರುತುಗಳು ದೊಡ್ಡದಾಗಿ ಕಾಣುವಂತೆ ಮಾಡಿಕೊಳ್ಳದೆ ಒಳಗೆ ಕಾಲಿಡಬೇಡಿ. ಮೌಸ್ ಯಾರ ಮೇಲಿದೆಯೋ ಅವರಿಗೇ ಹೀಲ್ ಹೋಗುವ ಮ್ಯಾಕ್ರೋಗಳನ್ನೂ ಇದೇ ಹೊತ್ತಿನಲ್ಲಿ ಹೊಂದಿಸಿಕೊಳ್ಳಿ.

ಹೆಜ್ಜೆ 7: ಚೀಲದಲ್ಲಿ ಏನಿರಬೇಕು

ಮೇಜರ್ ಮಾನಾ ಪೋಷನ್ 1350ರಿಂದ 2250 ಮಾನಾ ಕೊಡುತ್ತದೆ, ಎರಡು ನಿಮಿಷಕ್ಕೊಮ್ಮೆ ಕುಡಿಯಬಹುದು. ಹೆಚ್ಚಿನವರು ಮಾಡುವ ತಪ್ಪು ಮಾನಾ ಮುಗಿಯುವವರೆಗೆ ಕಾಯುವುದು. ಹೋರಾಟದ ಆರಂಭದಲ್ಲಿ 2250 ಖರ್ಚಾದ ಕೂಡಲೇ ಮೊದಲನೆಯದನ್ನು ಕುಡಿದರೆ ಐದು ನಿಮಿಷದೊಳಗೆ ಎರಡನೆಯದಕ್ಕೂ ಅವಕಾಶ ಸಿಗುತ್ತದೆ. ಡೀಮಾನಿಕ್ ರೂನ್‌ಗಳ ಕಾಯುವ ಸಮಯ ಪೋಷನ್‌ನಿಂದ ಬೇರೆ. 900ರಿಂದ 1500 ಮಾನಾ ಕೊಟ್ಟು ನಿಮ್ಮ ಜೀವದಿಂದ 600ರಿಂದ 1000 ಕಿತ್ತುಕೊಳ್ಳುತ್ತದೆ. ಎಲ್ಲರಿಗೂ ಪೆಟ್ಟು ಬೀಳುವ ಕ್ಷಣಕ್ಕೆ ತುಸು ಮುಂಚೆ ಇದನ್ನು ಬಳಸಿದರೆ ಸತ್ತೇ ಹೋಗುತ್ತೀರಿ. ಮೇಜ್‌ಬ್ಲಡ್ ಪೋಷನ್ ಒಂದು ಗಂಟೆ 12 ಎಂಪಿ5, ನೈಟ್‌ಫಿನ್ ಸೂಪ್ ಹತ್ತು ನಿಮಿಷ 8 ಎಂಪಿ5. ಎರಡೂ ಸೇರಿ 20 ಎಂದರೆ ಒಂದು ಒಳ್ಳೆಯ ಟ್ರಿಂಕೆಟ್‌ಗಿಂತ ಹೆಚ್ಚು.

ಹೆಜ್ಜೆ 8: ಲೆಕ್ಕ ತಲೆಕೆಳಗಾಗುವ ಬಾಸ್‌ಗಳು

ಮೇಲಿನ ಉಳಿತಾಯದ ಪಾಠವನ್ನೆಲ್ಲ ವೇಲಾಸ್ಟ್ರಾಸ್ ಮುಂದೆ ಮರೆತುಬಿಡಿ. ಬ್ಲ್ಯಾಕ್‌ವಿಂಗ್ ಲೇರ್‌ನ ಈ ಎರಡನೇ ಬಾಸ್ ನಿಮಗೆ ಮೂರು ನಿಮಿಷ ಪ್ರತಿ ಸೆಕೆಂಡಿಗೆ 500 ಮಾನಾ ಕೊಡುತ್ತಾನೆ. ಮಾನಾಕ್ಕೆ ಬೆಲೆಯೇ ಇಲ್ಲದ ಈ ಹೋರಾಟದಲ್ಲಿ ಅತಿ ದೊಡ್ಡ ರ್ಯಾಂಕ್‌ಗಳು, ಎಡೆಬಿಡದ ಪ್ರೇಯರ್ ಆಫ್ ಹೀಲಿಂಗ್, ಎಂಪಿ5 ಕಳಚಿ ತೊಟ್ಟ ಪೂರ್ತಿ ಬೋನಸ್ ಹೀಲಿಂಗ್ ಉಡುಪು. ಬರ್ನಿಂಗ್ ಅಡ್ರಿನಲಿನ್ ನಿಮ್ಮ ಮೇಲೆ ಬಿದ್ದರೆ ಸಾವು ಖಚಿತ, ಜೊತೆಗೆ ಸ್ಫೋಟವೂ. ಮೊದಲು ಎಲ್ಲರಿಂದ ದೂರ ಓಡಿ. ಆಗ ನಿಮ್ಮ ಮಂತ್ರಗಳು ತಕ್ಷಣವೇ ಹೊರಡುತ್ತವೆ, ಆದ್ದರಿಂದ ಉಳಿದ ಸೆಕೆಂಡುಗಳಲ್ಲಿ ಟ್ಯಾಂಕ್ ಮೇಲೆ ಗ್ರೇಟರ್ ಹೀಲ್ ಸುರಿಯುತ್ತಲೇ ಇರಿ.

ಅದೇ ಲೇರ್‌ನ ಬಾಸ್ ನೆಫೇರಿಯನ್ ಪ್ರೀಸ್ಟ್‌ಗಳನ್ನು ಹೆಸರಿಸಿ ಕರೆದಾಗ ನಿಮ್ಮ ನೇರ ಹೀಲ್‌ಗಳು ವಿಷವಾಗುತ್ತವೆ: ಪ್ರತಿ ಹೀಲ್ ಗುರಿಯ ಮೇಲೆ ಪೆಟ್ಟು ಕೊಡುವ ಡಿಬಫ್ (ಕೆಟ್ಟ ಪರಿಣಾಮ) ಹಚ್ಚುತ್ತದೆ. ರಿನ್ಯೂ ಮತ್ತು ಶೀಲ್ಡ್ ಮಾತ್ರ ಬಳಸಿ, ಅಷ್ಟು ಹೊತ್ತು ಟ್ಯಾಂಕನ್ನು ಪ್ಯಾಲಡಿನ್, ಶಾಮನ್, ಡ್ರೂಯಿಡ್‌ಗಳಿಗೆ ಒಪ್ಪಿಸಿ. ಗ್ರೇಟರ್ ಹೀಲ್ ಹಾಕುವ ನಡುವೆ ಕರೆ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ. ಐದನೇ ಹೆಜ್ಜೆಯ ಮ್ಯಾಕ್ರೋ ಇಲ್ಲಿ ಕೈ ಹಿಡಿಯುತ್ತದೆ.

ನ್ಯಾಕ್ಸ್‌ರಾಮಸ್‌ನ ಲೋಥೆಬ್ ಇನ್ನೂ ವಿಚಿತ್ರ. ಒಮ್ಮೆ ಹೀಲ್ ಮಾಡಿದರೆ 60 ಸೆಕೆಂಡು ನಿಮಗೆ ಮತ್ತೆ ಹೀಲ್ ಮಾಡಲಾಗದು. ಮಾನಾ ಇಲ್ಲಿ ಮುಗಿಯುವುದೇ ಇಲ್ಲ, ಮುಗಿಯುವುದು ಹೀಲರ್‌ಗಳು. ಎಲ್ಲರಿಗೂ ಸರದಿ ಸಂಖ್ಯೆ ಕೊಟ್ಟು, ಒಬ್ಬರ ನಂತರ ಒಬ್ಬರು ತಮ್ಮ ಅತಿ ದೊಡ್ಡ ಹೀಲನ್ನು ಟ್ಯಾಂಕ್ ಮೇಲೆ ಹಾಕುತ್ತಾ ಹೋಗಬೇಕು. ನಿಮ್ಮ ಸರದಿಗೆ ಮುಂಚೆ ಅಭ್ಯಾಸಬಲದಿಂದ ಪಕ್ಕದವನಿಗೊಂದು ಫ್ಲ್ಯಾಶ್ ಹೀಲ್ ಹಾಕಿದರೆ ಸರಪಳಿಯೇ ತುಂಡಾಗುತ್ತದೆ. ಇದೇ ಕೋಟೆಯ ರಜುವಿಯಸ್ ಎದುರು ಪ್ರೀಸ್ಟ್‌ಗಳು ಮೈಂಡ್ ಕಂಟ್ರೋಲ್‌ನಿಂದ ಅವನ ಶಿಷ್ಯರನ್ನು ವಶಪಡಿಸಿಕೊಂಡು ತಾವೇ ಟ್ಯಾಂಕ್ ಆಗುತ್ತಾರೆ. ಅದು ಬೇರೆಯೇ ಲೇಖನ ಕೇಳುವ ವಿಷಯ.

ಹೆಜ್ಜೆ 9: ಸತ್ತ ಮೇಲೆ ಓದುವುದು

ತಂಡ ಪೂರ್ತಿ ಸತ್ತು ಮರಳಿ ಓಡಿಬರುವಾಗ ಮೀಟರ್ ತೆರೆಯಬೇಡಿ, ಮೊದಲು ಸತ್ತವನ ಕಾಂಬ್ಯಾಟ್ ಲಾಗ್ (ಹೋರಾಟದ ದಾಖಲೆ) ತೆರೆಯಿರಿ. ಅವನ ಕೊನೆಯ ಹತ್ತು ಸೆಕೆಂಡು ಸಾಕು. ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ. ಅವನನ್ನು ಕೊಂದ ಪೆಟ್ಟನ್ನು ಡಿಸ್ಪೆಲ್ ಮಾಡಬಹುದಿತ್ತೇ? ಹೌದಾದರೆ ಹೀಲ್‌ನ ಮಾತೇ ಇಲ್ಲ. ಆ ಹತ್ತು ಸೆಕೆಂಡಿನಲ್ಲಿ ಅವನಿಗೆ ಹೀಲ್ ಬಂತೇ? ಬರದಿದ್ದರೆ ಅವನನ್ನು ಯಾರಿಗೆ ಒಪ್ಪಿಸಲಾಗಿತ್ತು, ಅವರು ಆಗ ಬದುಕಿದ್ದರೇ, ಮಾನಾ ಇತ್ತೇ ಎಂದು ನೋಡಿ. ಹೀಲ್ ಬಂದೂ ಸತ್ತಿದ್ದರೆ ಎಷ್ಟನೇ ರ್ಯಾಂಕ್ ಬಂತು ಎಂದು ನೋಡಿ. ಎರಡನೇ ರ್ಯಾಂಕ್‌ನ ಮೂರು ಹೀಲ್‌ಗಳ ನಡುವೆ ಟ್ಯಾಂಕ್ ಸತ್ತಿದ್ದರೆ ಮುಂದಿನ ಪ್ರಯತ್ನದಲ್ಲಿ ಒಬ್ಬರು ಗ್ರೇಟರ್ ಹೀಲ್ ಹಿಡಿದು ಕಾಯಬೇಕು, ಅವರ ಗುಂಪನ್ನು ಪಕ್ಕದ ಪ್ರೀಸ್ಟ್ ವಹಿಸಿಕೊಳ್ಳಬೇಕು. ಆ ಬದಲಾವಣೆಯನ್ನು ಬಫ್ (ಬಲ ಹೆಚ್ಚಿಸುವ ಮಂತ್ರ) ಹಾಕುತ್ತಿರುವಾಗಲೇ ಹೆಸರು ಹಿಡಿದು ಹೇಳಿ, ಇಬ್ಬರೂ ಸರಿ ಎಂದ ಮೇಲೆ ಮಾತ್ರ ಬಾಸನ್ನು ಎಳೆಯಲು ಹೇಳಿ.